ಸ್ಟೇಜ್‌ಗೆ ಕೀಬೋರ್ಡ್ ಸೆಟ್ಟಿಂಗ್ ಸೇವ್ ಮಾಡೋದು: ನಿಮ್ಮ ಅನುಭವ ಹೇಳಿ

ಎಡಗೈ ಕಾರ್ಡ್:
ಎಲ್ಲರಿಗೂ ನಮಸ್ಕಾರ. ಯಮಾಹಾ ಪಿಎಸ್‌ಆರ್-ಎಸ್‌ಎಕ್ಸ್ 900 ತಗೊಂಡು ಮೂರು ತಿಂಗಳಾಯ್ತು. ಮೊದಲ ಲೈವ್ ಹತ್ತಿರ ಬಂದಿದೆ, 36 ಹಾಡು. ಪ್ರತಿ ಹಾಡಿಗೂ ವಾಯ್ಸ್ (ವಾದ್ಯದ ದನಿ), ಸ್ಟೈಲ್ (ತಾನಾಗೇ ನುಡಿಯೋ ತಾಳ-ಹಿಮ್ಮೇಳ), ಟೆಂಪೋ, ಸ್ಪ್ಲಿಟ್ (ಎಡಗೈ-ಬಲಗೈ ದನಿ ಬೇರೆಯಾಗೋ ಜಾಗ) ಬೇರೆ ಬೇರೆ. ಇವನ್ನೆಲ್ಲ ಒಂದೊಂದು ಮೆಮೊರಿ ಬಟನ್‌ಗೆ ಸೇವ್ ಮಾಡಬಹುದು, ಅಂಥ 10 ಬಟನ್‌ನ ಗುಂಪೇ ಒಂದು ಬ್ಯಾಂಕ್. ಹಾಡಿಗೊಂದು ಬ್ಯಾಂಕ್ ಮಾಡ್ಲಾ, ಇಲ್ಲ ಒಂದೇ ಬ್ಯಾಂಕಲ್ಲಿ 10 ಹಾಡು ಹಾಕ್ಲಾ?

ಹಳೇ ಪೆಡಲ್:
ಹಾಡಿಗೊಂದು ಬ್ಯಾಂಕ್. ನಾನು ಅನುಭವಿಸಿ ಹೇಳ್ತಿದೀನಿ. ಮೊದಲು ನನ್ನ ಹತ್ರ ಬ್ಯಾಂಕಿಗೆ 8 ಬಟನ್ ಇರೋ ಕೀಬೋರ್ಡ್ ಇತ್ತು, ಒಂದೊಂದು ಬಟನ್‌ಗೆ ಒಂದೊಂದು ಹಾಡು ಹಾಕಿದ್ದೆ. ಐದನೇ ಹಾಡಿನ ಚರಣಕ್ಕೆ ಕೊಳಲು ಬೇಕು, ಖಾಲಿ ಬಟನ್ನೇ ಇಲ್ಲ. ಬಲಗೈ ಎತ್ತಿ ವಾಯ್ಸ್ ಹುಡುಕೋಷ್ಟರಲ್ಲಿ ಎರಡು ಸಾಲು ಹೋಗೇ ಬಿಡ್ತು. ಈಗ 1 ಇಂಟ್ರೋ, 2 ಪಲ್ಲವಿ, 3 ಬಿಜಿಎಂ (ನಡುವಿನ ವಾದ್ಯಸಂಗೀತ), 4 ಚರಣ. ಎಲ್ಲ ಹಾಡಿಗೂ ಇದೇ ಕ್ರಮ. ರಿಜಿಸ್ಟ್ರೇಷನ್ (ಬಟನ್‌ಗೆ ಸೇವ್ ಮಾಡಿದ ಸೆಟ್ಟಿಂಗ್) ಒಂದರ ನಂತರ ಒಂದು ಬರೋ ಹಾಗೆ ಸೀಕ್ವೆನ್ಸ್ ಹಾಕಿ ಪೆಡಲ್‌ಗೆ ಕೊಟ್ಟರೆ ಎರಡೂ ಕೈ ಕೀ ಮೇಲೇ ಇರುತ್ತೆ.

42 ಹಾಡಿಗೆ 11 ಸಂಜೆ ಹಿಡೀತು, ದಿನಕ್ಕೆ ಮೂರು ಗಂಟೆ. ಅದರಲ್ಲಿ ಎರಡು ಸಂಜೆಯ ಕೆಲಸ ಪೂರ್ತಿ ಹೋಯ್ತು. ಮೆಮೊರಿ ಒತ್ತಿ ಬಟನ್‌ಗೆ ಹಾಕಿದ್ದೆ ನಿಜ, ಆದರೆ ಬ್ಯಾಂಕ್ ಫೈಲ್ ಸೇವ್ ಮಾಡದೆ ಇನ್ನೊಂದು ಬ್ಯಾಂಕ್ ತೆಗೆದೆ. ಅಷ್ಟೇ. ಎಂಟು ಹಾಡು ಮತ್ತೆ ಮೊದಲಿಂದ.

ಟ್ರಾನ್ಸ್‌ಪೋಸ್ ಮೈನಸ್ ಎರಡು:
ಬ್ಯಾಂಕ್ ಲೆಕ್ಕ ಆಮೇಲೆ. ಮೊದಲು ಫ್ರೀಜ್ ಕಲೀರಿ, ಅಂದ್ರೆ ಮೆಮೊರಿ ಬಟನ್ ಬದಲಾಯಿಸಿದ್ರೂ ಟಿಕ್ ಹಾಕಿದ ಸೆಟ್ಟಿಂಗ್ ಬದಲಾಗದ ಹಾಗೆ ಹಿಡಿದಿಡೋದು.

ಒಂದು ಕಾರ್ಯಕ್ರಮದಲ್ಲಿ ಗಾಯಕಿಗೆ ಗಂಟಲು ಕಟ್ಟಿತ್ತು. ಸ್ಟೇಜ್ ಮೇಲೇ "ಸ್ವಲ್ಪ ಇಳಿಸಿ" ಅಂದ್ರು, ಟ್ರಾನ್ಸ್‌ಪೋಸ್ (ಇಡೀ ಕೀಬೋರ್ಡಿನ ಶ್ರುತಿ ಏರಿಸೋದು ಇಳಿಸೋದು) ಮೈನಸ್ 2 ಮಾಡಿದೆ. ಪಲ್ಲವಿ ಚೆನ್ನಾಗೇ ಹೋಯ್ತು. ಚರಣಕ್ಕೆ 4 ಒತ್ತಿದೆ. ಆ ಮೆಮೊರಿಯಲ್ಲಿ ಟ್ರಾನ್ಸ್‌ಪೋಸ್ ಸೊನ್ನೆ ಅಂತ ಕೂತಿತ್ತು. ಬೇಸ್, ಗಿಟಾರ್, ಹಾಡೋರು ಎಲ್ಲ ಕೆಳಗೆ, ನಾನೊಬ್ಬ ಎರಡು ಮನೆ ಮೇಲೆ. ಎಂಟು ಬೀಟ್ ಹಾಗೇ ಹೋಯ್ತು. ಅವರು ಮೈಕ್ ಹಿಡಿದುಕೊಂಡೇ ತಿರುಗಿ ನೋಡಿದ್ದು ಇವತ್ತಿಗೂ ಕಣ್ಣಮುಂದೆ ಇದೆ.

ಅವತ್ತಿಂದ ಫ್ರೀಜ್‌ನಲ್ಲಿ ಟ್ರಾನ್ಸ್‌ಪೋಸ್‌ಗೆ ಟಿಕ್. ಹಾಡು ಮುಗಿದ ತಕ್ಷಣ ಫ್ರೀಜ್ ಆಫ್, ಇಲ್ಲದಿದ್ರೆ ಮುಂದಿನ ಹಾಡಿನ ಸ್ಕೇಲ್ ಬರೋದೇ ಇಲ್ಲ.

ಹಳೇ ಪೆಡಲ್:
ಇಷ್ಟು ಸರ್ಕಸ್ ಯಾಕೆ ಸರ್? ಮೆಮೊರಿಗೆ ಹಾಕುವಾಗಲೇ ಟ್ರಾನ್ಸ್‌ಪೋಸ್ ಟಿಕ್ ತೆಗೆದರೆ ಮುಗೀತು.

ಟ್ರಾನ್ಸ್‌ಪೋಸ್ ಮೈನಸ್ ಎರಡು:
ಆಗ 36 ಹಾಡಿನ ಸ್ಕೇಲ್ ತಲೇಲಿ ಇಟ್ಕೋಬೇಕಾ? ನಾಲ್ಕು ಜನ ಹಾಡೋರ ಜೊತೆ ಒಂದು ರಾತ್ರಿ ನುಡಿಸಿ, ಆಮೇಲೆ ಮಾತಾಡೋಣ.

ಕರಿಮನೆ ಬಿಳಿಮನೆ:
ನಿಮ್ಮ ಜಗಳದಲ್ಲಿ ದೊಡ್ಡ ವಿಷಯ ಬಿಟ್ಟುಹೋಗ್ತಿದೆ. ರಿಜಿಸ್ಟ್ರೇಷನ್ ಒಳಗೆ ಸ್ಟೈಲ್ ಇರಲ್ಲ, ಸ್ಟೈಲ್ ಎಲ್ಲಿದೆ ಅನ್ನೋ ವಿಳಾಸ ಇರುತ್ತೆ. ನನ್ನ ಸ್ಟೈಲೆಲ್ಲ ಪೆನ್‌ಡ್ರೈವಲ್ಲಿ ಇತ್ತು. ಕಾರ್ಯಕ್ರಮದ ಹಿಂದಿನ ದಿನ ಅಚ್ಚುಕಟ್ಟಾಗಿರಲಿ ಅಂತ ಫೋಲ್ಡರ್ ಹೆಸರು ಬದಲಾಯಿಸಿದೆ. ಚೆಕ್ ಮಾಡಿದರೆ 17 ಮೆಮೊರಿಯಲ್ಲಿ ವಾಯ್ಸ್ ಬರ್ತಿದೆ, ಸ್ಟೈಲ್ ಮಾತ್ರ ಹಿಂದಿನ ಹಾಡಿಂದೇ ಉಳೀತಿದೆ. ಹಳೇ ಹೆಸರು ಕಾಗದದಲ್ಲಿ ಬರೆದಿಟ್ಟಿರಲಿಲ್ಲ. ಒಂದೊಂದಾಗಿ ಮತ್ತೆ ಹಾಕಿ ಮುಗಿಸುವಾಗ ಬೆಳಗಿನ ಜಾವ ಮೂರು ಗಂಟೆ. ಸ್ಟೈಲ್‌ಗಳನ್ನ ಒಳಗಿನ ಯೂಸರ್ ಜಾಗಕ್ಕೆ ಕಾಪಿ ಮಾಡಿ, ಅಲ್ಲಿಂದ ತೆಗೆದು ಮೆಮೊರಿಗೆ ಹಾಕಿ. ಪೆನ್‌ಡ್ರೈವ್ ಬರೀ ಬ್ಯಾಕಪ್‌ಗೆ.

ಸಾಂಗ್‌ಬುಕ್ ಪ್ರಿಯ:
ನಾನು ಕೋರ್ಗ್ ಪಿಎ 1000 ನುಡಿಸೋದು. ಸಾಂಗ್‌ಬುಕ್ ಬಟನ್ ಒಂದು ಸೆಕೆಂಡ್ ಒತ್ತಿ ಹಿಡಿದ್ರೆ ಆಗಿನ ಸೆಟ್ಟಿಂಗ್ ಹಾಡಿನ ಹೆಸರಲ್ಲಿ ಸೇವ್ ಮಾಡಬಹುದು. ಹೆಸರು ಹೊಡೆದು ಹುಡುಕಬಹುದು. ಜನ ಏಕಾಏಕಿ ಬೇರೆ ಹಾಡು ಕೇಳಿದ್ರೂ ಗಾಬರಿ ಇಲ್ಲ. ಬ್ಯಾಂಕ್ ನಂಬರ್ ನೆನಪಿಟ್ಟುಕೊಳ್ಳೋ ಕಾಲ ಹೋಯ್ತು.

ಹಳೇ ಪೆಡಲ್:
ಅವರು ಕೇಳಿದ್ದು ಎಸ್‌ಎಕ್ಸ್ 900 ಬಗ್ಗೆ. ಅದರಲ್ಲಿ ಪ್ಲೇಲಿಸ್ಟ್ ಇದೆ, ಹಾಡಿನ ಹೆಸರಿಗೇ ಬ್ಯಾಂಕ್ ಕೊಂಡಿ ಹಾಕಬಹುದು. ಪ್ರತಿ ಸಲ ಇಲ್ಲಿ ಬಂದು ನಿಮ್ಮ ಕೀಬೋರ್ಡ್ ಹೊಗಳಬೇಡಿ.

ಸಾಂಗ್‌ಬುಕ್ ಪ್ರಿಯ:
ನಾಲ್ಕು ವರ್ಷ ಯಮಾಹಾ ನುಡಿಸಿಯೇ ಬದಲಾಯಿಸಿದ್ದು ಸ್ವಾಮಿ, ಗೊತ್ತಿಲ್ಲದೆ ಹೇಳ್ತಿಲ್ಲ.

ಎಡಗೈ ಕಾರ್ಡ್:
ಎಲ್ಲರಿಗೂ ಧನ್ಯವಾದ. ನನ್ನ ಸ್ಟೈಲೂ ಪೆನ್‌ಡ್ರೈವಲ್ಲೇ ಇತ್ತು, ಇವತ್ತೇ ಒಳಗೆ ಕಾಪಿ ಮಾಡಿದೆ. ಈಗಾಗಲೇ ಹಾಕಿದ್ದ ಒಂಬತ್ತು ಮೆಮೊರಿ ಇನ್ನೂ ಪೆನ್‌ಡ್ರೈವನ್ನೇ ಹುಡುಕ್ತಿವೆ. ಒಂದೊಂದಾಗಿ ಮತ್ತೆ ಹಾಕಲೇಬೇಕಾ?

ಕರಿಮನೆ ಬಿಳಿಮನೆ:
ಹಾಕಲೇಬೇಕು ತಮ್ಮಾ. ಮೊದಲು ಮೆಮೊರಿ ತೆಗಿ, ವಾಯ್ಸ್ ಬಂದಮೇಲೆ ಒಳಗಿನ ಸ್ಟೈಲ್ ಆರಿಸು, ಟೆಂಪೋ ನೋಡ್ಕೋ, ಅದೇ ಬಟನ್‌ಗೆ ಮತ್ತೆ ಮೆಮೊರಿ ಒತ್ತು, ಬ್ಯಾಂಕ್ ಸೇವ್ ಮಾಡು. ಆಮೇಲೆ ಪೆನ್‌ಡ್ರೈವ್ ಕಿತ್ತು ಪಕ್ಕಕ್ಕಿಟ್ಟು, ಆಫ್ ಮಾಡಿ ಆನ್ ಮಾಡಿ, ಒಂಬತ್ತೂ ಒತ್ತಿ ನೋಡು.