ಗೇಮ್ ಒಪ್ಪಂದದಲ್ಲಿ ‘ಮೆಮೊರಿ ಗಮನಿಸಬಹುದು’ ಅಂತ ಇದೆ, ಒಪ್ಪಬಹುದಾ?

ತಿಳಿನೀರು:
ನಾನೂ ತಮ್ಮನೂ ಒಂದೇ ಕಂಪ್ಯೂಟರ್ ಬಳಸ್ತೀವಿ. ಹಗಲು ನನ್ನ ಅನುವಾದದ ಕೆಲಸ, ರಾತ್ರಿ ಅವನ ಆಟ. ನಿನ್ನೆ ಹೊಸ ಆನ್‌ಲೈನ್ ಗೇಮ್ ಹಾಕ್ತಾ, ‘ಅಕ್ಕಾ, ಒಪ್ಪಿದೆ ಅಂತ ಒತ್ಲಾ?’ ಅಂದ. ತಡಿ ಅಂತ ಕೂತು ಪೂರ್ತಿ ಓದಿದೆ. ಆಟ ನಡೆಯುವಾಗ ಮೆಮೊರಿಯನ್ನೂ ಓಡ್ತಿರೋ ಪ್ರೋಗ್ರಾಮ್‌ಗಳನ್ನೂ ಗಮನಿಸಬಹುದಂತೆ; ಆಟದಲ್ಲಿ ಮೋಸ ಮಾಡೋಕೆ ಬಳಸೋ ಸಾಫ್ಟ್‌ವೇರ್ ಕಂಡರೆ ಖಾತೆಯ ಹೆಸರು, ಆ ಪ್ರೋಗ್ರಾಮಿನ ವಿವರ ಕಳಿಸಬಹುದಂತೆ, ‘ಆದರೆ ಇಷ್ಟಕ್ಕೇ ಸೀಮಿತವಲ್ಲ’. ಆ ಕೊನೇ ತುಂಡು ನನ್ನ ನಿದ್ದೆ ಕೆಡಿಸಿತು. ನಾನು ಅನುವಾದ ಮಾಡೋದು ವೈದ್ಯಕೀಯ ವರದಿಗಳನ್ನ. ಫೈಲಿನ ಹೆಸರಲ್ಲೇ ರೋಗಿಯ ಹೆಸರಿರುತ್ತೆ. ಅದು ಅವರಿಗೆ ಕಾಣುತ್ತಾ?

ಕೀಲಿಮಣೆ:
ಕಾಣಬಹುದು. 2005ರಲ್ಲಿ ಗ್ರೆಗ್ ಹೊಗ್ಲಂಡ್ ಅನ್ನೋ ಭದ್ರತಾ ತಜ್ಞರು ಇದನ್ನೇ ತೋರಿಸಿದ್ದು. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಗೇಮ್‌ನಲ್ಲಿ ಮೋಸ ಹಿಡಿಯೋ ಕಾವಲು ಪ್ರೋಗ್ರಾಮ್ ‘ವಾರ್ಡನ್’, ತೆರೆದಿರೋ ಬೇರೆ ವಿಂಡೋಗಳ ಶೀರ್ಷಿಕೆಗಳನ್ನೂ ಓದ್ತಿತ್ತು. ಓದಿದ್ದನ್ನ ಹ್ಯಾಶ್ ಮಾಡಿ (ಅಂದ್ರೆ ಒಂದು ಸೂತ್ರದಿಂದ ಗುರುತಿನ ಸಂಖ್ಯೆಯಾಗಿ ಬದಲಿಸಿ), ಮೋಸದ ಸಾಫ್ಟ್‌ವೇರ್‌ಗಳ ಪಟ್ಟಿ ಜೊತೆ ತಾಳೆ ನೋಡ್ತಿತ್ತು. ನೀವು ವರದಿ ತೆರೆದಾಗ ವಿಂಡೋದ ಮೇಲ್ಪಟ್ಟಿಯಲ್ಲಿ ಫೈಲಿನ ಹೆಸರು ಬರುತ್ತಲ್ಲ, ಆ ಸಾಲೇ ಶೀರ್ಷಿಕೆ. ಮೊದಲು ಫೈಲ್‌ಗಳ ಹೆಸರು ಬದಲಾಯಿಸಿ.

ರಾತ್ರಿಪಾಳಿ:
ನಾನು ದಿನಾ ಆಡೋನು. ಗೋಡೆಯಾಚೆ ಇರೋರನ್ನೂ ನೋಡಿ ಹೊಡೆಯೋರು ನಾಲ್ಕು ಜನ ಸೇರಿದ್ರೆ ಆಟ ಸತ್ತಂತೆ. ಹಾಗಾಗಿ ಕಾವಲು ಬೇಕೇ ಬೇಕು. 2014ರಲ್ಲಿ ವಾಲ್ವ್ ಅನ್ನೋ ಗೇಮ್ ಕಂಪನಿಯ ಕಾವಲು ಪ್ರೋಗ್ರಾಮ್ ‘ವ್ಯಾಕ್’, ಡಿಎನ್‌ಎಸ್ ಕ್ಯಾಶೆ (ಕಂಪ್ಯೂಟರ್ ಇತ್ತೀಚೆಗೆ ಹುಡುಕಿದ ಜಾಲತಾಣಗಳ ವಿಳಾಸಗಳ ಪಟ್ಟಿ) ನೋಡುತ್ತೆ ಅಂತ ಗದ್ದಲ ಎದ್ದಾಗ ಕಂಪನಿಯ ಮುಖ್ಯಸ್ಥ ಗೇಬ್ ನ್ಯೂವೆಲ್ ತಾವೇ ರೆಡಿಟ್ ಚರ್ಚಾತಾಣಕ್ಕೆ ಬಂದು, ಏನು ಹುಡುಕ್ತೀವಿ, ಏಕೆ ಹುಡುಕ್ತೀವಿ ಅಂತ ಬಿಡಿಸಿ ಹೇಳಿದ್ರು. ಒಪ್ಪಂದದಲ್ಲೂ ಹಾಗೇ ಬರೆಯಲಿ ಅನ್ನೋದೇ ನನ್ನ ಆಸೆ.

ಕೀಲಿಮಣೆ:
ಬರೆದರೂ ಸಾಲದು. 2013ರಲ್ಲಿ ಇಎಸ್‌ಇಎ ಅನ್ನೋ ಗೇಮಿಂಗ್ ಲೀಗಿನ ಮೋಸ ತಡೆಯೋ ಸಾಫ್ಟ್‌ವೇರ್‌ನೊಳಗೆ ಬಿಟ್‌ಕಾಯಿನ್ ಗಣಿಗಾರಿಕೆಯ, ಅಂದ್ರೆ ಕಂಪ್ಯೂಟರಿನಿಂದ ಲೆಕ್ಕ ಮಾಡಿಸಿ ಡಿಜಿಟಲ್ ಹಣ ಗಳಿಸೋ ಕೋಡ್ ಸಿಕ್ಕಿತು. ಸುಮಾರು 14,000 ಕಂಪ್ಯೂಟರ್‌ಗಳು ಆಟಗಾರರಿಗೆ ಗೊತ್ತಿಲ್ಲದೇ ದುಡಿದವು. ಈಗಿನ ಕೆಲವು ಕಾವಲುಗಳು ಇನ್ನೂ ಆಳಕ್ಕೆ, ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೇ ಇಳಿಯುತ್ತವೆ. 2020ರಲ್ಲಿ ‘ವ್ಯಾಲರಂಟ್’ ಗೇಮ್ ಜೊತೆ ಬಂದ ವ್ಯಾನ್‌ಗಾರ್ಡ್ ಅನ್ನೋ ಕಾವಲಿನ ಡ್ರೈವರ್ (ಕರ್ನಲ್‌ನಲ್ಲಿ ಓಡೋ ಭಾಗ) ಕಂಪ್ಯೂಟರ್ ಆನ್ ಆದಾಗಲೇ ಎದ್ದು ಕೂರುತ್ತೆ, ಆಟ ತೆರೆಯೋದನ್ನ ಕಾಯಲ್ಲ. ತಮ್ಮನಿಗೆ ಬೇರೆ ಯೂಸರ್ ಖಾತೆ ಮಾಡಿಕೊಟ್ರೆ ಇಂಥ ಡ್ರೈವರ್‌ಗೆ ಅದು ಅಡ್ಡಿಯೇ ಅಲ್ಲ. ಗೇಮ್ ತೆಗೆದ ಮೇಲೂ ಕಾವಲು ಪ್ರೋಗ್ರಾಮ್ ಉಳಿದಿದೆಯಾ ಅಂತ ಪ್ರೋಗ್ರಾಮ್‌ಗಳ ಪಟ್ಟಿಯಲ್ಲಿ ನೋಡಿ, ಇದ್ರೆ ಅದನ್ನ ಬೇರೆಯಾಗಿ ತೆಗೀಬೇಕು.

ತಿಳಿನೀರು:
ಇಬ್ಬರಿಗೂ ಧನ್ಯವಾದ. ಒಪ್ಪಿಗೆ ಒತ್ತಲಿಲ್ಲ. ಆ ರೋಗಿಗಳು ಯಾರೂ ಈ ಒಪ್ಪಂದ ಓದಿಲ್ಲ, ಅವರ ಪರವಾಗಿ ಒಪ್ಪೋಕೆ ನಾನ್ಯಾರು? ತಮ್ಮನಿಗೆ ಇದ್ದದ್ದು ಇದ್ದಹಾಗೆ ಹೇಳಿದೆ. ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದ, ಆಮೇಲೆ ತನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ, ಗ್ರಾಫಿಕ್ಸ್ ತೀರಾ ಕಮ್ಮಿ ಇಟ್ಟು ಆಡ್ತೀನಿ ಅಂದ. ನಾನು ಫೈಲ್‌ಗಳಿಗೆ ಹೆಸರಿನ ಬದಲು ಸಂಖ್ಯೆ ಹಾಕ್ತಾ ಕೂತಿದ್ದೀನಿ, ಇನ್ನೂ ಅರ್ಧ ಬಾಕಿ ಇದೆ.