‘ಒತ್ತಡದ ಹಾರ್ಮೋನು’ ಎಂದರೆ ಯಾವ ಒತ್ತಡ? ‘ಉರಿಯೂತ’ ಎಂದರೆ ಎಲ್ಲಿಯ ಊತ?

ಗೆಳೆಯರೇ, ಎರಡು ಪದಗಳ ಬಗ್ಗೆ ನಿಮ್ಮ ಸಲಹೆ ಬೇಕು. ಸ್ಟ್ರೆಸ್ ಹಾರ್ಮೋನ್‌ಗೆ ನಾವು ಬರೆಯುವ ‘ಒತ್ತಡದ ಹಾರ್ಮೋನು’, ಇನ್‌ಫ್ಲಮೇಶನ್‌ಗೆ ಬರೆಯುವ ‘ಉರಿಯೂತ’. ಎರಡೂ ಪತ್ರಿಕೆಗಳಲ್ಲಿ ದಿನಾ ಕಾಣುವಂಥವೇ. ಆದರೆ ಕೊರೊನಾ ಬಂದು ಆಸ್ಪತ್ರೆ ಸೇರಿದವರ ವಿಷಯ ಬರೆಯುವಾಗ ಇವು ಓದುಗರನ್ನು ದಾರಿ ತಪ್ಪಿಸುತ್ತವೆ ಅಂತ ನನಗೆ ಅನಿಸಿದೆ. ಅದರಲ್ಲೂ ಮೊದಲನೆಯದು.

ಯಾಕೆ ಅಂತ ಹೇಳುತ್ತೇನೆ. 2021ರಲ್ಲಿ ನನ್ನ ಚಿಕ್ಕಪ್ಪ ಕೊರೊನಾದಿಂದ ತೀರಿಕೊಂಡರು. ಅದಾದ ಮೇಲೆ ಚಿಕ್ಕಮ್ಮ ಎಲ್ಲೋ ಒಂದು ಬರಹ ಓದಿದರು. ‘ಒತ್ತಡದ ಹಾರ್ಮೋನು ಜಾಸ್ತಿ ಇದ್ದ ಸೋಂಕಿತರು ಬೇಗ ಸಾಯುತ್ತಾರೆ’ ಅನ್ನುವ ಅರ್ಥದ ಸಾಲು ಅದರಲ್ಲಿತ್ತು. ಅವರು ಅರ್ಥ ಮಾಡಿಕೊಂಡದ್ದು ಹೀಗೆ: ಚಿಕ್ಕಪ್ಪ ವಾರ್ಡಿನಲ್ಲಿದ್ದಾಗ ತಾನು ಫೋನಿನಲ್ಲಿ ಸಾಲದ ವಿಷಯ ಎತ್ತಿದೆ, ಅವರಿಗೆ ಟೆನ್ಷನ್ ಆಯಿತು, ಆ ಟೆನ್ಷನ್ನೇ ಅವರನ್ನು ಕೊಂದಿತು. ಇಷ್ಟು ವರ್ಷ ಅದನ್ನು ಒಳಗೇ ಇಟ್ಟುಕೊಂಡಿದ್ದರು. ಹೋದ ತಿಂಗಳು ನನ್ನ ಹತ್ತಿರ ಹೇಳಿ ಅತ್ತರು. ಒಂದು ಪದದಿಂದ ಇಷ್ಟು ಆಗಬಹುದು ಅಂತ ನಾನು ಯೋಚಿಸಿಯೇ ಇರಲಿಲ್ಲ.

ಆ ಬರಹದ ಮೂಲ 2020ರ ಲಂಡನ್ ಅಧ್ಯಯನ ಇರಬೇಕು. ಇಂಪೀರಿಯಲ್ ಕಾಲೇಜಿನ ವೈದ್ಯರು ಅಲ್ಲಿನ ಮೂರು ಆಸ್ಪತ್ರೆಗಳ 535 ರೋಗಿಗಳ ರಕ್ತದಲ್ಲಿ ಕಾರ್ಟಿಸಾಲ್, ಅಂದರೆ ನಾವು ‘ಒತ್ತಡದ ಹಾರ್ಮೋನು’ ಅನ್ನುವುದು, ಎಷ್ಟಿದೆ ಅಂತ ನೋಡಿದ್ದರು. ಅವರಲ್ಲಿ 403 ಮಂದಿಗೆ ಕೊರೊನಾ ಇತ್ತು. ದಾಖಲಾದ 48 ಗಂಟೆಯೊಳಗೇ ಅಳೆದದ್ದು. ಲೀಟರಿಗೆ 744 ನ್ಯಾನೊಮೋಲ್‌ಗಿಂತ ಜಾಸ್ತಿ ಇದ್ದ ಕೊರೊನಾ ರೋಗಿಗಳಲ್ಲಿ ಬದುಕಿದ ದಿನಗಳ ಮಧ್ಯಾಂಕ (ನಟ್ಟನಡುವಿನ ಸಂಖ್ಯೆ) 15, ಅದಕ್ಕಿಂತ ಕಡಿಮೆ ಇದ್ದವರಲ್ಲಿ 36. ಅಂಕಿ ಸರಿಯೇ. ಆದರೆ ಇದರಿಂದ ‘ಚಿಂತೆ ಮಾಡಿದವರು ಸತ್ತರು’ ಅಂತ ಹೇಳಲು ಬರುವುದಿಲ್ಲ. ಕಾಯಿಲೆ ಎಷ್ಟು ಜೋರಾಗಿ ಬಡಿದಿದೆ ಅನ್ನುವುದನ್ನು ಕಾರ್ಟಿಸಾಲ್ ತೋರಿಸುತ್ತಿತ್ತು. ಜ್ವರದ ಅಳತೆ ಇದ್ದ ಹಾಗೆ. ಥರ್ಮಾಮೀಟರಿನಲ್ಲಿ 104 ಬಂತು ಅಂದರೆ ಆ 104 ಎಲ್ಲಿಂದಲೋ ಬಂದು ರೋಗ ತಂದಿತು ಅನ್ನುವುದಿಲ್ಲ ಅಲ್ವಾ?

ಭಯಕ್ಕೂ ಚಿಂತೆಗೂ ಕಾರ್ಟಿಸಾಲ್ ಏರುತ್ತದೆ, ಅದು ನಿಜ. ಆದರೆ ದೊಡ್ಡ ಆಪರೇಷನ್ ಆಗುವಾಗಲೂ ಏರುತ್ತದೆ. ಆಗ ರೋಗಿಗೆ ಪ್ರಜ್ಞೆಯೇ ಇರುವುದಿಲ್ಲ, ಇನ್ನು ಚಿಂತೆ ಎಲ್ಲಿಂದ ಬರಬೇಕು? ಮೈಗೆ ಪೆಟ್ಟು ಬಿದ್ದರೆ, ಸೋಂಕು ತಗುಲಿದರೆ, ರಕ್ತ ಹೋದರೆ, ಮೆದುಳಿನಿಂದ ಸುದ್ದಿ ಹೊರಟು ಕಿಡ್ನಿಯ ತಲೆಯ ಮೇಲೆ ಟೋಪಿಯ ಹಾಗೆ ಕೂತ ಪುಟ್ಟ ಗ್ರಂಥಿಗೆ ಮುಟ್ಟುತ್ತದೆ, ಅದು ಕಾರ್ಟಿಸಾಲ್ ಸುರಿಸುತ್ತದೆ. ಆ ಗ್ರಂಥಿಯ ಹೊರಪದರದಿಂದ ಬರುವ ಕಾರಣಕ್ಕೇ ಆ ಹೆಸರು. ಕಾರ್ಟೆಕ್ಸ್ ಅಂದರೆ ಲ್ಯಾಟಿನ್‌ನಲ್ಲಿ ತೊಗಟೆ. ಹೆಸರಿನಲ್ಲಿ ಮನಸ್ಸಿನ ಸುಳಿವೇ ಇಲ್ಲ ನೋಡಿ.

‘ಸ್ಟ್ರೆಸ್’ ಅನ್ನುವುದನ್ನು ವೈದ್ಯಕ್ಕೆ ತಂದು ಬೆಳೆಸಿದವರು ಹಾನ್ಸ್ ಸೆಲ್ಯೆ ಅನ್ನುವ ವಿಜ್ಞಾನಿ. 1936ರಲ್ಲಿ ಅವರು ಬರೆದದ್ದು ಇಲಿಗಳ ಬಗ್ಗೆ. ಚಳಿ, ಗಾಯ, ವಿಷ, ಅತಿಯಾದ ದಣಿವು, ಏನೇ ಕೊಟ್ಟರೂ ಇಲಿಯ ಮೈ ಒಂದೇ ಥರ ಪ್ರತಿಕ್ರಿಯೆ ಕೊಡುತ್ತದೆ ಅನ್ನುವುದು ಅವರು ಕಂಡದ್ದು. ಅಂದರೆ ಈ ಪದದ ವೈದ್ಯಕೀಯ ಅರ್ಥ ಹುಟ್ಟಿದ್ದು ಮೈಯ ಕಷ್ಟದಿಂದ. ಮನಸ್ಸಿನ ಕಷ್ಟ ಜನರ ಬಾಯಲ್ಲಿ ಮುಂದೆ ಬಂದದ್ದು ಆಮೇಲೆ. ನಮ್ಮ ‘ಒತ್ತಡ’ದ ಕಥೆ ಬೇರೆ. ಕೆಲಸದ ಒತ್ತಡ, ಪರೀಕ್ಷೆಯ ಒತ್ತಡ, ಮನೆಯವರ ಒತ್ತಡ. ಕೇಳಿದ ತಕ್ಷಣ ಮನಸ್ಸೇ ನೆನಪಾಗುತ್ತದೆ. ಆಸ್ಪತ್ರೆಯೊಳಗೆ ಕೇಳಿದರೆ ಇನ್ನೊಂದು ಗೊಂದಲ, ಅಲ್ಲಿ ಒತ್ತಡ ಅಂದರೆ ರಕ್ತದೊತ್ತಡ. ‘ಒತ್ತಡದ ಹಾರ್ಮೋನು ಅಂದರೆ ಬಿಪಿ ಹಾರ್ಮೋನಾ?’ ಅಂತ ಒಬ್ಬರು ನನ್ನನ್ನು ನೇರವಾಗಿ ಕೇಳಿದ್ದಾರೆ. ತಪ್ಪು ಅವರದ್ದಲ್ಲ.

ಈಗ ‘ಉರಿಯೂತ’ಕ್ಕೆ ಬರುತ್ತೇನೆ. ಇದು ಒಳ್ಳೆಯ ಪದ, ನನಗೆ ಇಷ್ಟ. ಎರಡು ಸಾವಿರ ವರ್ಷದ ಹಿಂದೆ ರೋಮಿನಲ್ಲಿ ವೈದ್ಯದ ಬಗ್ಗೆ ಬರೆದ ಸೆಲ್ಸಸ್ ಇದಕ್ಕೆ ನಾಲ್ಕು ಗುರುತು ಹೇಳಿದ್ದ: ಕೆಂಪಾಗುವುದು, ಊದುವುದು, ಬಿಸಿಯಾಗುವುದು, ನೋಯುವುದು. ಇಂಗ್ಲಿಷ್ ಪದದಲ್ಲಿ ಬರೀ ಬೆಂಕಿ ಇದೆ. ನಮ್ಮದರಲ್ಲಿ ಉರಿಯೂ ಇದೆ, ಊತವೂ ಇದೆ. ಕಾಲಿಗೆ ಮುಳ್ಳು ಚುಚ್ಚಿದ್ದಕ್ಕೆ ಇದಕ್ಕಿಂತ ಸರಿಯಾದ ಮಾತು ಬೇಕಿಲ್ಲ. ಆದರೆ ಕೊರೊನಾ ರೋಗಿಯಲ್ಲಿ ಅದು ನಡೆಯುವುದು ಶ್ವಾಸಕೋಶದೊಳಗೆ, ರಕ್ತನಾಳಗಳ ಒಳಗೋಡೆಯಲ್ಲಿ. ಹೊರಗೆ ಏನೂ ಊದುವುದಿಲ್ಲ. ಸಿಆರ್‌ಪಿ ರಕ್ತ ಪರೀಕ್ಷೆಯಲ್ಲಿ ಜಾಸ್ತಿ ಬಂದಿದೆ, ‘ಉರಿಯೂತ ಇದೆ’ ಅಂದರೆ ಮನೆಯವರು ಎದೆಯುರಿ ಅಂದುಕೊಂಡು ಗ್ಯಾಸ್ಟ್ರಿಕ್ ಮಾತ್ರೆ ಕೇಳುತ್ತಾರೆ. ಸಿಆರ್‌ಪಿ ಅನ್ನುವುದು ಲಿವರ್ ತಯಾರಿಸುವ ಒಂದು ಪ್ರೋಟೀನು. ಒಳಗೆ ಎಲ್ಲೋ ಈ ಗಲಾಟೆ ಎದ್ದಿದೆ ಅಂತ ಅದು ಹೇಳುತ್ತದೆ, ಎಲ್ಲಿ ಅಂತ ಹೇಳುವುದಿಲ್ಲ. ಇಂಥ ಕಡೆ ‘ಒಳ ಉರಿಯೂತ’ ಅಂದರೆ ಸಾಕೇ? ‘ಮೈಯೆಲ್ಲ ಹರಡಿದ ಉರಿಯೂತ’ ಅನ್ನಬೇಕೇ? ನಾನು ‘ಒಳ ಉರಿಯೂತ’ದ ಕಡೆ ವಾಲಿದ್ದೇನೆ, ಪದ ಬದಲಿಸುವ ಅಗತ್ಯ ಕಾಣುತ್ತಿಲ್ಲ.

ಎರಡೂ ಪದ ಒಂದೇ ಸಾಲಿನಲ್ಲಿ ಬಂದಾಗ ತೊಡಕು ಇನ್ನೂ ಜಾಸ್ತಿ. ಕಾರ್ಟಿಸಾಲ್‌ನ ಒಂದು ಮುಖ್ಯ ಕೆಲಸವೇ ಉರಿಯೂತವನ್ನು ಹಿಡಿತದಲ್ಲಿ ಇಡುವುದು. ಡೆಕ್ಸಾಮೆಥಸೋನ್ ಅನ್ನುವ ಸ್ಟೀರಾಯ್ಡ್ ಔಷಧಿ ಗೊತ್ತಲ್ಲ, ಅದು ಕಾರ್ಟಿಸಾಲ್ ವಂಶದ್ದೇ, ಕಾರ್ಖಾನೆಯಲ್ಲಿ ಮಾಡಿದ್ದು, ಬಲ ತುಂಬಾ ಜಾಸ್ತಿ. 2020ರಲ್ಲಿ ಬ್ರಿಟನ್ನಿನಲ್ಲಿ ‘ರಿಕವರಿ’ ಎಂಬ ಹೆಸರಿನ ಪ್ರಯೋಗದಲ್ಲಿ ಕೊರೊನಾ ರೋಗಿಗಳಿಗೆ ಅದನ್ನು ದಿನಕ್ಕೆ 6 ಮಿಲಿಗ್ರಾಂ ಕೊಟ್ಟು ನೋಡಿದರು. ವೆಂಟಿಲೇಟರ್‌ನಲ್ಲಿದ್ದವರಲ್ಲಿ ಸಾವು ನೂರಕ್ಕೆ 41ರಿಂದ 29ಕ್ಕೆ ಇಳಿಯಿತು. ಆಮ್ಲಜನಕ ಬೇಕಿಲ್ಲದವರಿಗೆ ಪ್ರಯೋಜನ ಕಾಣಲಿಲ್ಲ. ಈಗ ಓದುಗರ ಜಾಗದಲ್ಲಿ ನಿಂತು ನೋಡಿ. ಒಂದು ಪ್ಯಾರಾದಲ್ಲಿ ‘ಒತ್ತಡದ ಹಾರ್ಮೋನು ಜಾಸ್ತಿ ಇದ್ದರೆ ಸಾವು’, ಮುಂದಿನ ಪ್ಯಾರಾದಲ್ಲಿ ‘ಅದೇ ಜಾತಿಯ ಔಷಧಿಯಿಂದ ಜೀವ ಉಳಿಯಿತು’. ತಲೆ ಕೆಡದೆ ಇರುತ್ತದೆಯೇ? ಬೆಂಕಿ ಬಿದ್ದ ಕಡೆ ನೀರಿನ ವಾಹನ ಜಾಸ್ತಿ ನಿಂತಿರುತ್ತವೆ, ಹಾಗಂತ ಬೆಂಕಿ ಹಚ್ಚಿದ್ದು ಅವಲ್ಲ. ನಮ್ಮ ಪದದಿಂದ ಇಷ್ಟಾದರೂ ಹೊಳೆಯಬೇಕು.

ನಾನು ಯೋಚಿಸಿದ ಪದಗಳು ಹೇಳುತ್ತೇನೆ. ‘ತುರ್ತಿನ ಹಾರ್ಮೋನು’ ಮೊದಲು ಹೊಳೆಯಿತು, ಆದರೆ ಅದು ಕ್ಷಣದಲ್ಲಿ ಏರುವ ಅಡ್ರಿನಲಿನ್‌ಗೇ ಜಾಸ್ತಿ ಒಪ್ಪುತ್ತದೆ. ‘ಆಪತ್ತಿನ ಹಾರ್ಮೋನು’ ಅಂದರೆ ಹಾರ್ಮೋನೇ ಆಪತ್ತು ಅನ್ನುವ ಹಾಗೆ ಕೇಳಿಸುತ್ತದೆ, ಮತ್ತೆ ಹಳೆಯ ತೊಂದರೆಯೇ. ‘ಹೊರೆ’ ಪರವಾಗಿಲ್ಲ, ದೇಹದ ಮೇಲೆ ಬಿದ್ದ ಹೊರೆ ಅಂದರೆ ಯಾರಿಗೂ ಮನಸ್ಸೊಂದೇ ನೆನಪಾಗುವುದಿಲ್ಲ. ‘ಪೆಟ್ಟು’ ಇನ್ನೂ ನೇರ, ಕಾಯಿಲೆಯ ಪೆಟ್ಟು ಅಂತ ನಾವು ಹೇಳಿಯೇ ಹೇಳುತ್ತೇವೆ. ಆದರೆ ‘ಪೆಟ್ಟಿನ ಹಾರ್ಮೋನು’ ಅಂತ ಸಮಾಸ ಮಾಡಲು ಕೈ ಬರುತ್ತಿಲ್ಲ. ಹಾಗಾಗಿ ಸದ್ಯಕ್ಕೆ ಸುಮ್ನೆ ಕಾರ್ಟಿಸಾಲ್ ಅಂತಲೇ ಇಟ್ಟು, ಸಾಲನ್ನು ಬಿಡಿಸಿ ಬರೆದಿದ್ದೇನೆ:

‘ಕಾಯಿಲೆಯ ಪೆಟ್ಟು ಜೋರಾಗಿ ಬಿದ್ದವರ ಮೈ ಕಾರ್ಟಿಸಾಲ್ ಜಾಸ್ತಿ ಸುರಿಸುತ್ತದೆ. ಅದು ತುಂಬಾ ಜಾಸ್ತಿ ಕಂಡರೆ ರೋಗ ಬಲವಾಗಿದೆ ಎಂದು ತಿಳಿಯಬೇಕು, ರೋಗಿ ಚಿಂತೆ ಮಾಡಿದ ಎಂದಲ್ಲ.’

ಇದರಲ್ಲಿ ‘ಸುರಿಸುತ್ತದೆ’ ಸರಿಯೇ, ‘ಒಸರಿಸುತ್ತದೆ’ ಬೇಕೇ? ಒಂದೇ ಪದದಲ್ಲಿ ಹೇಳುವ ದಾರಿ ಯಾರಿಗಾದರೂ ಹೊಳೆದರೆ ದಯವಿಟ್ಟು ಬೇಗ ಬರೆಯಿರಿ. ಭಾನುವಾರ ಚಿಕ್ಕಮ್ಮನ ಮನೆಗೆ ಹೋಗುತ್ತಿದ್ದೇನೆ, ಇದನ್ನು ಅವರ ಎದುರು ಕೂತು ಓದಿ ಹೇಳಬೇಕು.