ಸಹಾಯ ಬೇಕು: ಮಪೆಟ್ ಶೋ ಮೂರನೇ ಸೀಸನ್ ಡಿವಿಡಿ

ನಮಸ್ಕಾರ. ಗೊಂಬೆಗಳ ಹಳೇ ಹಾಸ್ಯ ಟಿವಿ ಕಾರ್ಯಕ್ರಮ ‘ದಿ ಮಪೆಟ್ ಶೋ’ ಮೂರನೇ ಸೀಸನ್ನಿನ ಡಿವಿಡಿ ಸೆಟ್ ಇಟ್ಟುಕೊಂಡವರು ಇಲ್ಲಿ ಯಾರಾದರೂ ಇದ್ದೀರಾ? ನನ್ನದರಲ್ಲಿ ಒಂದು ಡಿಸ್ಕ್‌ಗೆ ಗೀರು ಬಿದ್ದಿದೆ. ನಿಲ್ಲುವುದಾದರೂ ಎಲ್ಲಿ ಅಂತೀರಿ? ಗಾಯಕ ಹ್ಯಾರಿ ಬೆಲಫಾಂಟೆ ಅತಿಥಿಯಾಗಿ ಬಂದ ಕಂತಿನಲ್ಲಿ, ಸರಿಯಾಗಿ ಆ ಆಫ್ರಿಕನ್ ಮುಖವಾಡಗಳ ಹಾಡು ಶುರುವಾಗುವಾಗ! ಬಟ್ಟೆಯಲ್ಲಿ ಒರೆಸಿದೆ, ಟೂತ್‌ಪೇಸ್ಟೂ ಹಚ್ಚಿದೆ (ನಗಬೇಡಿ). ಪ್ರಯೋಜನವಾಗಲಿಲ್ಲ. ಗೀರು ತೆಗೆಯುವ ಬೇರೆ ದಾರಿ ಗೊತ್ತಿದ್ದರೆ ಹೇಳಿ.

1976ರಿಂದ 1981ರವರೆಗೆ ಬಂದ ಐದು ಸೀಸನ್ನುಗಳಲ್ಲಿ ನನಗೆ ಇದೇ ಜಾಸ್ತಿ ಇಷ್ಟ. ಮೊದಲನೆಯದರಲ್ಲಿ ಹಂದಿ ಗೊಂಬೆ ಮಿಸ್ ಪಿಗ್ಗಿ ಇನ್ನೂ ಪೂರ್ತಿ ಮಿಸ್ ಪಿಗ್ಗಿ ಆಗಿರಲಿಲ್ಲ, ಅಲ್ವಾ? ಇದರಲ್ಲಿ ಎಲ್ಲರೂ ಕುದುರಿಕೊಂಡಿದ್ದಾರೆ. ಥಿಯೇಟರಿಗೆ ಹುಳದ ಔಷಧಿ ಹೊಡೆಸುತ್ತಾರೆಂದು ಶೋ ರೈಲ್ವೆ ಸ್ಟೇಷನ್ನಿಗೆ ಹೋಗುವ, ಗಾಯಕಿ ಲೊರೆಟ್ಟಾ ಲಿನ್ ಬಂದ ಕಂತನ್ನು ಎಷ್ಟು ಸಲ ನೋಡಿದ್ದೇನೋ.

ಇನ್ನೊಂದು ವಿಷಯ. ರಜೆಗೆ ಅಕ್ಕನ ಮಗಳು ಬರುತ್ತಾಳೆ. ಏಳು ವರ್ಷ, ಇಂಗ್ಲಿಷ್ ಅಷ್ಟಕ್ಕಷ್ಟೆ. ಗೊಂಬೆಗಳಲ್ಲಿ ಸ್ವೀಡಿಷ್ ಶೆಫ್ ಮಾತು ಹೇಗೂ ಯಾರಿಗೂ ಅರ್ಥವಾಗುವುದಿಲ್ಲ, ಬೀಕರ್ ಬರೀ ‘ಮೀ ಮೀ’ ಅನ್ನುತ್ತಾನೆ, ಅವೆರಡಕ್ಕೆ ಯೋಚನೆಯಿಲ್ಲ. ಮಾತು ಕಮ್ಮಿ, ಕಿತಾಪತಿ ಜಾಸ್ತಿ ಇರುವ ಬೇರೆ ಕಂತು ಯಾವುದಾದರೂ ಹೇಳ್ತೀರಾ?